ಪಂಜರದೊಳಗೆ ಮನುಷ್ಯ

ಉತ್ತರ ಪಿನಾಕಿನಿಯು ನಂದಿಯ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರಿನ ಮಗ್ಗುಲಲ್ಲಿ ಹರಿದು, ನೆಲ್ಲೂರು ಸೀಮೆಯಲ್ಲಿ ಕಡಲನ್ನು ಸೇರುವುದಷ್ಟೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯವರಿಗೆ ಕಡಲಿನೊಡನಿರುವ ನಂಟು ಇಷ್ಟೇ. ಕೆರೆಯ ಮೀನನ್ನು ಮಾತ್ರ ಕಂಡವರಿಗೆ, 20 ಅಡಿಯವರೆಗೂ ಬೆಳೆಯುವ ಬಿಳಿ ಶಾರ್ಕ್ ಮೀನಿನ ಸಂಗತಿಯು ಕಟ್ಟುಕಥೆಯಂತೆ ತೋರಬಹುದು. ಆದರೆ ಅದನ್ನು ಕಣ್ಣಾರೆ ಕಾಣಲೆಂದೇ ಹಣ ತೆತ್ತು, ಪಂಜರದಲ್ಲಿ ಕುಳಿತು ಸಮುದ್ರಕ್ಕಿಳಿಯುವ ಜನರುಂಟು.

ಈ ಪದ್ಧತಿಗೆ ಮೂಲಪುರುಷನೆನಿಸಿದವನು ಆಸ್ಟ್ರೇಲಿಯದ ರಾಡ್ನಿ ಫಾಕ್ಸ್. 1963ರಲ್ಲಿ ಅಡಿಲೇಡಿನ ಬಳಿ ಈಟಿಯಿಂದ ಮೀನು ಹೊಡೆಯುವ ಪಂದ್ಯದಲ್ಲಿದ್ದಾಗ ಶಾರ್ಕು ಆತನ ಎದೆಯನ್ನೇ ಕಚ್ಚಿತು. ಪಕ್ಕೆಲುಬುಗಳು ಮುರಿದು ಪುಪ್ಪುಸಕ್ಕೂ ಗಾಯವಾಯಿತು. 400ಕ್ಕೆ ಮಿಕ್ಕಿದ ಹೊಲಿಗೆಗಳನ್ನು ಹಾಕಿಸಿಕೊಂಡು ಬದುಕಿದನು. ಮುಂದೊಮ್ಮೆ ಮೃಗಾಲಯದಲ್ಲಿ ಸಿಂಹಗಳನ್ನು ನೋಡುತ್ತಿದ್ದಾಗ, ಮೃಗವು ಹೊರಗಿದ್ದು ಮನುಷ್ಯನೇ ಪಂಜರದೊಳಗಿದ್ದರೆ ಹೇಗೆಂದು ಆತನಿಗೆ ಹೊಳೆಯಿತಂತೆ! ಸರಳುಗಳ ಪಂಜರವನ್ನು ದೋಣಿಯ ಪಕ್ಕದಲ್ಲಿ ಇಳಿಬಿಟ್ಟು, ಮೀನಿನ ರಕ್ತವನ್ನೂ ಎಣ್ಣೆಯನ್ನೂ ನೀರಿಗೆ ಸುರಿದರೆ, ವಾಸನೆ ಹಿಡಿದು ಶಾರ್ಕು ಬರುತ್ತದೆ. ತನ್ನನ್ನು ಕಚ್ಚಿದ ಜಂತುವಿನ ಮೇಲೆ ಹಗೆ ಸಾಧಿಸದೆ ಫಾಕ್ಸನು ಅದರ ರಕ್ಷಣೆಗಾಗಿಯೇ ವಾದಿಸಿದನು. ಹಾವು ಕಚ್ಚಿಸಿಕೊಂಡು ಹಾವಿನ ಪರವಾಗಿ ನಿಲ್ಲುವವರು ನಮ್ಮಲ್ಲಿ ಎಷ್ಟು ಮಂದಿ?

ಬಿಳಿ ಶಾರ್ಕಿಗೆ ದಕ್ಷಿಣ ಆಫ್ರಿಕವು 1991ರಲ್ಲಿಯೂ ಆಸ್ಟ್ರೇಲಿಯವು 1999ರಲ್ಲಿಯೂ ಕಾನೂನಿನ ರಕ್ಷಣೆಯನ್ನಿತ್ತವು. ದಕ್ಷಿಣ ಆಫ್ರಿಕದ ಗಾನ್ಸ್‌ಬಾಯಿ ಎಂಬ ಊರು ಈ ಪಂಜರಗಳಿಂದಲೇ ಹೆಸರಾಯಿತು. ಆದರೆ 2017ರಿಂದ ಓರ್ಕ ಎಂಬ ಕಡಲಪ್ರಾಣಿಗಳು ಅಲ್ಲಿ ಶಾರ್ಕುಗಳನ್ನು ಕೊಂದು, ಯಕೃತ್ತನ್ನು ತಿನ್ನತೊಡಗಿದವು. ಉಳಿದವು ಬೇರೆಡೆಗೆ ಸರಿದವು. ಮನುಷ್ಯನ ಬಲೆ, ಗಾಳಗಳ ಪಾಲೂ ಇದರಲ್ಲಿದೆಯೆಂದು ವಾದಿಸುವ ವಿದ್ವಾಂಸರುಂಟು. ಪಂಜರಗಳು ಅಲ್ಲಿ ಈಗಲೂ ಇಳಿಯುತ್ತವೆ. ಅವುಗಳ ಮುಂದೆ ಸುಳಿಯುವುದು ಬಹುಮಟ್ಟಿಗೆ ಕಂಚಿನ ಬಣ್ಣದ ಬೇರೊಂದು ಜಾತಿಯ ಶಾರ್ಕು.