ಕೈಯಲ್ಲಿ ಹಿಡಿಯುವ ಲೇಸರ್ ಸೂಚಕ ಹಾಗೂ ಎಲ್‌ಇಡಿ ಟಾರ್ಚ್‌ಗಳಲ್ಲಿ ಶಾಖ ವಿಸರ್ಜನೆ: ಸಾರ್ವಜನಿಕರಿಗೆ ಮಾಹಿತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನದಿ ತೀರದ ರೈತರು ರಾತ್ರಿ ಪಾಳಿಯಲ್ಲಿ ವಿದ್ಯುತ್ ಬಂದಾಗ ಕಬ್ಬಿನ ಗದ್ದೆಗೆ ನೀರು ಹಾಯಿಸಲು ಟಾರ್ಚ್ ಹಿಡಿದು ಹೋಗುವುದು ವಾಡಿಕೆ. ಬೆಳೆದ ಕಬ್ಬಿನ ನಡುವೆ ಬೆಳಕು ಏಕಾಏಕಿ ಮಂಕಾದರೆ ಹಾವು, ತೆರೆದ ಬಾವಿ ಹಾಗೂ ಹರಿದು ಬಿದ್ದ ತಂತಿ ಕಾಣುವುದಿಲ್ಲ. ಶಾಲಾ ಕಾಲೇಜುಗಳಲ್ಲಿ ಬಳಸುವ ಲೇಸರ್ ಸೂಚಕಗಳೂ ಕೆಲವೇ ನಿಮಿಷಗಳಲ್ಲಿ ಮಂಕಾಗುವುದುಂಟು. ಸೆಲ್ ಸರಿಯಿದ್ದರೂ ಹೀಗಾಗಲು ಶಾಖ ಹೊರಹೋಗದಿರುವುದು ಮುಖ್ಯ ಕಾರಣಗಳಲ್ಲೊಂದು. ಈ ಕುರಿತ ಮಾಹಿತಿಯನ್ನು ಹಾಗೂ ದೋಷಯುಕ್ತ ಸರಕಿನ ಬಗ್ಗೆ ದೂರು ಸಲ್ಲಿಸುವ ವಿಧಾನವನ್ನು ಕೆಳಗೆ ನೀಡಲಾಗಿದೆ.

1. ಶಾಖ ಉಂಟಾಗುವ ಬಗೆ

ಲೇಸರ್ ಡಯೋಡ್ ಮತ್ತು ಎಲ್‌ಇಡಿ ಎರಡೂ ಅರೆವಾಹಕ ಸಾಧನಗಳು. ಇವುಗಳಿಗೆ ನೀಡಿದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಸಾಮಾನ್ಯವಾಗಿ ಬೆಳಕಾಗದೆ ಶಾಖವಾಗುತ್ತದೆ. ಸಾಸಿವೆ ಕಾಳಿನಷ್ಟು ಚಿಕ್ಕದಾದ ಚಿಪ್‌ನಲ್ಲಿ ಈ ಶಾಖ ಉತ್ಪತ್ತಿಯಾಗುವುದರಿಂದ ಅದು ಬೇಗನೆ ಹೊರಗೆ ಹರಿದುಹೋಗಬೇಕು. ಇಲ್ಲವಾದಲ್ಲಿ ಬೆಳಕು ಕಡಿಮೆಯಾಗುತ್ತದೆ ಮತ್ತು ಸಾಧನದ ಆಯುಷ್ಯ ಕುಗ್ಗುತ್ತದೆ.

ಸಾಮಾನ್ಯ ಹಸಿರು ಲೇಸರ್ ಸೂಚಕದಲ್ಲಿ ಈ ತೊಂದರೆ ಹೆಚ್ಚು. ಇದರಲ್ಲಿ 808 ನ್ಯಾನೋಮೀಟರ್‌ನ ಅವಕೆಂಪು ಡಯೋಡ್, ಹರಳುಗಳ ಮೂಲಕ 532 ನ್ಯಾನೋಮೀಟರ್‌ನ ಹಸಿರು ಬೆಳಕನ್ನು ಉಂಟುಮಾಡುತ್ತದೆ. ಡಯೋಡ್ ಬಿಸಿಯಾದಂತೆ ಅದರ ತರಂಗಾಂತರ ಬದಲಾಗಿ ಹರಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದ್ದರಿಂದ ಕೆಂಪು ಸೂಚಕಕ್ಕಿಂತ ಹಸಿರು ಸೂಚಕವು ಬೇಗ ಮಂಕಾಗುತ್ತದೆ.

2. ಶಾಖ ಸಾಗುವ ದಾರಿ

ಚಿಪ್‌ನಿಂದ ಲೋಹದ ತಟ್ಟೆಗೆ, ಅಲ್ಲಿಂದ ಹೊರಕವಚಕ್ಕೆ, ಅಲ್ಲಿಂದ ಕೈಗೆ ಹಾಗೂ ಗಾಳಿಗೆ ಶಾಖ ಸಾಗುತ್ತದೆ. ಶಾಖ ಸಾಗಿಸುವ ಶಕ್ತಿ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ ಸುಮಾರು 200, ಹಿತ್ತಾಳೆಗೆ ಸುಮಾರು 110, ಪ್ಲಾಸ್ಟಿಕ್‌ಗೆ ಸುಮಾರು 0.2 ಹಾಗೂ ನಿಂತ ಗಾಳಿಗೆ ಸುಮಾರು 0.026 ವ್ಯಾಟ್ (ಪ್ರತಿ ಮೀಟರ್, ಪ್ರತಿ ಡಿಗ್ರಿಗೆ) ಇರುತ್ತದೆ. ಲೋಹದ ಭಾಗಗಳ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಶಾಖಕ್ಕೆ ತಡೆಯಾಗುವುದು ಇದರಿಂದಲೇ.

ಉದಾಹರಣೆಗೆ, ಒಂದು ಟಾರ್ಚ್‌ನಲ್ಲಿ 2 ವ್ಯಾಟ್ ಶಾಖ ಉಂಟಾಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ವ್ಯಾಟ್‌ಗೆ ಚಿಪ್ 15 ಡಿಗ್ರಿ ಏರುವಂತಿದ್ದರೆ, 28 ಡಿಗ್ರಿಯ ಬೇಸಿಗೆ ರಾತ್ರಿಯಲ್ಲಿ ಚಿಪ್‌ನ ಉಷ್ಣಾಂಶ 58 ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ಜೋಡಣೆ ಸಡಿಲವಾಗಿ ಪ್ರತಿ ವ್ಯಾಟ್‌ಗೆ 40 ಡಿಗ್ರಿ ಏರುವಂತಾದರೆ ಅದೇ ಚಿಪ್ 108 ಡಿಗ್ರಿ ತಲುಪುತ್ತದೆ.

3. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

ಅ) ಬೆಳಕಿನ ತಲೆಭಾಗವು ಅಲ್ಯೂಮಿನಿಯಂ ಅಥವಾ ಹಿತ್ತಾಳೆಯದಾಗಿರಲಿ. ಏಣುಗಳಿರುವ ಕವಚ ಉತ್ತಮ.
ಆ) ಎರಡು ಮೂರು ನಿಮಿಷ ಉರಿಸಿದಾಗ ಲೋಹದ ತಲೆಭಾಗ ಬೆಚ್ಚಗಾಗುವುದು ಶಾಖ ಹೊರಬರುತ್ತಿರುವ ಲಕ್ಷಣ. ಕವಚ ತಣ್ಣಗಿದ್ದು ಬೆಳಕು ಮಾತ್ರ ಕುಗ್ಗುತ್ತಿದ್ದರೆ ಶಾಖ ಒಳಗೇ ಉಳಿಯುತ್ತಿರಬಹುದು.
ಇ) ಎಲ್‌ಇಡಿ ಕೈದೀಪಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯವಾಗಿರುತ್ತದೆ. ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು.
ಈ) ಲೇಸರ್ ಸೂಚಕದ ಮೇಲೆ ವರ್ಗ ಮತ್ತು ಸಾಮರ್ಥ್ಯ ಮುದ್ರಿತವಾಗಿರಬೇಕು. ಬೋಧನೆಗೆ 1 ಮಿಲಿವ್ಯಾಟ್ ಮೀರದ 2ನೇ ವರ್ಗದ ಸೂಚಕ ಸಾಕು.
ಉ) ಬಿಲ್ಲು ಮತ್ತು ವಾರಂಟಿ ಪತ್ರವನ್ನು ತಪ್ಪದೇ ಪಡೆಯುವುದು.

4. ಬಳಕೆಯಲ್ಲಿ ಅನುಸರಿಸಬೇಕಾದ ಕ್ರಮ

ಲೇಸರ್ ಸೂಚಕವನ್ನು ಸತತವಾಗಿ ಉರಿಸದೆ ಕೆಲವು ಸೆಕೆಂಡು ಬಳಸಿ ಬಿಡುವು ನೀಡುವುದು. ಟಾರ್ಚ್ ಅನ್ನು ಗರಿಷ್ಠ ಬೆಳಕಿನಲ್ಲಿ ಅಗತ್ಯವಿದ್ದಷ್ಟೇ ಬಳಸುವುದು. ತಲೆಭಾಗಕ್ಕೆ ಬಟ್ಟೆ, ರಬ್ಬರ್ ಸುತ್ತಬಾರದು; ಏಣುಗಳ ನಡುವಿನ ಕೆಸರನ್ನು ಒರೆಸಿ ತೆಗೆಯುವುದು. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಇಡಬಾರದು. ಲಿಥಿಯಂ ಸೆಲ್ ಇರುವ ಸಾಧನವು ಬಿಸಿಯಾಗಿದ್ದಾಗ ಚಾರ್ಜ್ ಮಾಡದೆ, ತಣಿದ ನಂತರ ಮಾಡತಕ್ಕದ್ದು.

ವಾರಂಟಿ ಮುಗಿದ ಟಾರ್ಚ್ ಅನ್ನು ರಿಪೇರಿಗೆ ಕೊಟ್ಟಾಗ, ಎಲ್‌ಇಡಿ ತಟ್ಟೆಯ ಹಿಂಬದಿಗೆ ಶಾಖವಾಹಕ ಪೇಸ್ಟ್ ಅನ್ನು ತೆಳುವಾಗಿ ಹಚ್ಚಿ ಬಿಗಿಯಾಗಿ ಕೂರಿಸುವಂತೆ ತಿಳಿಸಬಹುದು. ಪೇಸ್ಟ್ ಲೋಹಕ್ಕಿಂತ ಕಡಿಮೆ ಶಾಖ ಸಾಗಿಸುವುದರಿಂದ ದಪ್ಪವಾಗಿ ಹಚ್ಚಿದರೆ ಪ್ರಯೋಜನವಾಗದು.

ಎಚ್ಚರಿಕೆ: ಲೇಸರ್ ಸೂಚಕವನ್ನು ಬಿಚ್ಚಬಾರದು ಹಾಗೂ ಅದರ ವಿದ್ಯುತ್ ಪ್ರವಾಹವನ್ನು ಹೆಚ್ಚಿಸಬಾರದು. ಹಸಿರು ಸೂಚಕದ ಶೋಧಕ ಕಳಚಿದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಹೊರಬಂದು ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು. ಮನುಷ್ಯರು, ವಾಹನಗಳು ಹಾಗೂ ವಿಮಾನಗಳತ್ತ ಕಿರಣ ಹಾಯಿಸಬಾರದು.

5. ದೂರು ಸಲ್ಲಿಸುವ ವಿಧಾನ

ಸರಕು ದೋಷಯುಕ್ತವಾಗಿದ್ದಲ್ಲಿ ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸುವುದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಆದ್ದರಿಂದ ಈ ಐದೂ ತಾಲ್ಲೂಕುಗಳ ನಿವಾಸಿಗಳು ಬೇರೆ ಊರಿನಲ್ಲಿ ಖರೀದಿಸಿದ ಸರಕಿಗೂ ಬೆಳಗಾವಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವನ್ನು ಸಂಪರ್ಕಿಸಬಹುದು. ದೂರಿಗೆ ಕಾರಣ ಉಂಟಾದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಸರಕಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ.

ಲಗತ್ತಿಸಬೇಕಾದ ದಾಖಲೆಗಳು: ಬಿಲ್ಲಿನ ಪ್ರತಿ, ವಾರಂಟಿ ಪತ್ರ, ಮಾರಾಟಗಾರರಿಗೆ ಬರೆದ ಪತ್ರದ ಪ್ರತಿ, ನೋಂದಣಿ ಸಂಖ್ಯೆ ಕಾಣುವ ಸರಕಿನ ಛಾಯಾಚಿತ್ರ.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.