ನಾಯಿಯ ಮೈಕೂದಲ ಆರೈಕೆ

ನಾಯಿಯ ಮೈಕೂದಲ ಆರೈಕೆ ಎಂದರೆ ಸಾಕುನಾಯಿಯ ಕೂದಲನ್ನು ಬಾಚುವುದು, ಮೈ ತೊಳೆಯುವುದು, ಅಗತ್ಯವಿದ್ದಲ್ಲಿ ಕೂದಲನ್ನು ಕತ್ತರಿಸುವುದು ಹಾಗೂ ಉಗುರು, ಕಿವಿಗಳನ್ನು ಸ್ವಚ್ಛವಾಗಿಡುವುದು. ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲಿಯೇ ಮಾಡಬಹುದು. ಎಲ್ಲ ತಳಿಗಳಿಗೂ ಕೂದಲು ಕತ್ತರಿಸುವ ಅಗತ್ಯವಿರುವುದಿಲ್ಲ. ಕೆಲವು ತಳಿಗಳಿಗೆ ಅದರಿಂದ ಹಾನಿಯೇ ಹೆಚ್ಚು.

ಮೈಕೂದಲಿನ ವಿಧಗಳು

ಉತ್ತರ ಕರ್ನಾಟಕದ ಪ್ರಸಿದ್ಧ ಬೇಟೆನಾಯಿಯಾದ ಮುಧೋಳ ನಾಯಿಯದು ಮೈಗೆ ಅಂಟಿದಂತಿರುವ ಗಿಡ್ಡ, ನಯವಾದ ಕೂದಲು. ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ ಹೆಸರು ಪಡೆದ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಹೊರತಂದಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ನಾಯಿಗೆ ಕ್ಷೌರ ಬೇಕಿಲ್ಲ. ವಾರಕ್ಕೊಮ್ಮೆ ಮೃದುವಾದ ರಬ್ಬರ್ ಬ್ರಷ್‌ನಿಂದ ಉಜ್ಜಿದರೆ ಉದುರುವ ಕೂದಲು ಹೊರಬರುತ್ತದೆ. ಇದರ ಚರ್ಮವು ತೆಳುವಾದುದರಿಂದ ತಂತಿಯ ಬ್ರಷ್ ಬಳಸಬಾರದು. ಇದಕ್ಕೆ ಹತ್ತಿರದ ಪಶ್ಮಿ ನಾಯಿಗಳಿಗೆ ಕಿವಿ, ಕಾಲು, ಬಾಲಗಳಲ್ಲಿ ರೇಷ್ಮೆಯಂಥ ನೀಳಗೂದಲಿದ್ದು, ಅಲ್ಲಿ ಗಂಟಾಗದಂತೆ ಆಗಾಗ ಬಾಚಬೇಕಾಗುತ್ತದೆ.

ಶಿಹ್ ತ್ಸು, ಪೂಡಲ್‌ಗಳ ಕೂದಲು ಉದ್ದಕ್ಕೆ ಬೆಳೆಯುತ್ತಲೇ ಹೋಗುವುದರಿಂದ ನಿಯತವಾಗಿ ಕತ್ತರಿಸಬೇಕು. ಪೊಮೆರೇನಿಯನ್, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಿಗೆ ಎರಡು ಪದರದ ಕೂದಲಿರುತ್ತದೆ.

ಬೇಸಿಗೆ ಮತ್ತು ಕ್ಷೌರ

ವಿಜಯಪುರ, ಸಿಂದಗಿ, ಇಂಡಿಗಳಂಥ ಬಯಲುಸೀಮೆಯಲ್ಲಿ ಬೇಸಿಗೆಯ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ನಾಯಿಯ ಮೈಯನ್ನು ಬೋಳಿಸಿದರೆ ತಂಪಾಗುವುದೆಂಬ ಭಾವನೆಯಿದೆ. ಆದರೆ ನಾಯಿಯು ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ; ಅದು ಮುಖ್ಯವಾಗಿ ಏದುಸಿರಿನಿಂದ ಶಾಖವನ್ನು ಹೊರಹಾಕುತ್ತದೆ. ಕೂದಲು ಬಿಸಿಲಿಗೂ ಚರ್ಮಕ್ಕೂ ನಡುವೆ ತಡೆಯಾಗಿರುತ್ತದೆ. ಬೋಳಿಸಿದ ಚರ್ಮವು ಬಿಸಿಲಿಗೆ ಸುಡಬಹುದು; ಎರಡು ಪದರದ ತಳಿಗಳಲ್ಲಿ ಕೂದಲು ಮತ್ತೆ ಮೊದಲಿನಂತೆ ಬೆಳೆಯದಿರಬಹುದು. ಸಡಿಲವಾದ ಒಳಪದರವನ್ನು ಬಾಚಿ ತೆಗೆಯುವುದು, ನೆರಳು ಹಾಗೂ ಧಾರಾಳವಾದ ನೀರು ಒದಗಿಸುವುದು ಸೂಕ್ತ.

ಕತ್ತರಿಸುವ ವಿಧಾನ

ಮೊದಲು ಗಂಟುಗಳನ್ನು ಬಿಡಿಸಿ, ಅನಂತರ ಮೈ ತೊಳೆಯಬೇಕು. ಒದ್ದೆಯಾದ ಗಂಟು ಇನ್ನಷ್ಟು ಬಿಗಿಯುತ್ತದೆ. ನಾಯಿಯ ಚರ್ಮದ ಆಮ್ಲೀಯತೆ ಮನುಷ್ಯನಿಗಿಂತ ಕಡಿಮೆ ಇರುವುದರಿಂದ ನಾಯಿಗಾಗಿಯೇ ತಯಾರಿಸಿದ ಶಾಂಪೂ ಬಳಸಬೇಕು. ಕೂದಲು ಪೂರ್ಣವಾಗಿ ಒಣಗಿದ ಬಳಿಕ ಯಂತ್ರವನ್ನು ಕೂದಲು ಬೆಳೆದ ದಿಕ್ಕಿನಲ್ಲಿಯೇ ಓಡಿಸಬೇಕು. ಅಲಗಿನ ಸಂಖ್ಯೆ ಹೆಚ್ಚಿದಷ್ಟೂ ಉಳಿಯುವ ಕೂದಲು ಗಿಡ್ಡ: 10ನೆಯ ಅಲಗು ಸುಮಾರು 1.5 ಮಿ.ಮೀ., 4ನೆಯದು ಸುಮಾರು 9 ಮಿ.ಮೀ. ಉಳಿಸುತ್ತದೆ. ಅಲಗು ಬೇಗ ಬಿಸಿಯಾಗುವುದರಿಂದ ಆಗಾಗ ಮುಟ್ಟಿ ನೋಡಬೇಕು. ಚರ್ಮಕ್ಕೆ ಅಂಟಿದ ಗಂಟನ್ನು ಕತ್ತರಿಯಿಂದ ತೆಗೆಯುವುದು ಅಪಾಯಕರ. ಗಂಟಿನೊಂದಿಗೆ ಚರ್ಮವೂ ಕತ್ತರಿಸಿಹೋಗಬಹುದು.

ಉಗುರು ಮತ್ತು ಕಿವಿ

ಉಗುರಿನೊಳಗೆ ರಕ್ತನಾಳ ಹಾಗೂ ನರವಿರುತ್ತವೆ. ಬಿಳಿ ಉಗುರಿನಲ್ಲಿ ಇದು ನಸುಗೆಂಪಾಗಿ ಕಾಣುತ್ತದೆ. ಕಪ್ಪು ಉಗುರನ್ನು ಸ್ವಲ್ಪಸ್ವಲ್ಪವಾಗಿಯೇ ಕತ್ತರಿಸಬೇಕು. ರಕ್ತ ಬಂದರೆ ಮೆಕ್ಕೆಜೋಳದ ಹಿಟ್ಟನ್ನು ಒತ್ತಿಹಿಡಿಯಬಹುದು. ಕಿವಿಯ ಹೊರಭಾಗವನ್ನು ಮಾತ್ರ ಒರೆಸಬೇಕು. ಒಳಗೆ ಕಡ್ಡಿ ಹಾಕಬಾರದು.

ಉಣುಗುಗಳ ತಪಾಸಣೆ

ಮೈಕೂದಲ ಆರೈಕೆಯ ಮುಖ್ಯ ಪ್ರಯೋಜನವೆಂದರೆ ಉಣುಗು (ಉಣ್ಣಿ) ಹಾಗೂ ಗಾಯಗಳು ಬೇಗ ಕಣ್ಣಿಗೆ ಬೀಳುವುದು. ಕಿವಿಯ ಮಡಿಕೆ, ಕಂಕುಳು ಮತ್ತು ಬೆರಳಸಂದುಗಳಲ್ಲಿ ಉಣುಗುಗಳು ಹೆಚ್ಚಾಗಿರುತ್ತವೆ. ಇವು ಎರ್ಲಿಕಿಯೋಸಿಸ್, ಬೆಬಿಸಿಯೋಸಿಸ್‌ನಂಥ ಪ್ರಾಣಾಂತಿಕ ರೋಗಗಳನ್ನು ಹರಡಬಲ್ಲವು. ಉಣುಗನ್ನು ಚಿಮಟದಿಂದ ಚರ್ಮದ ಸಮೀಪದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಹಚ್ಚುವುದು, ಸುಡುವುದು ಸಲ್ಲದು. ಕಂದು ಬಣ್ಣದ ನಾಯಿ ಉಣುಗು ಗೋಡೆಯ ಬಿರುಕುಗಳಲ್ಲಿಯೂ ಮೊಟ್ಟೆಯಿಡುವುದರಿಂದ ನಾಯಿ ಮಲಗುವ ಜಾಗವನ್ನೂ ಶುಚಿಗೊಳಿಸಬೇಕು. ಪರ್ಮೆಥ್ರಿನ್ ಇರುವ ಔಷಧವು ಬೆಕ್ಕುಗಳಿಗೆ ವಿಷಕಾರಿಯಾದುದರಿಂದ, ಬೆಕ್ಕೂ ಇರುವ ಮನೆಗಳಲ್ಲಿ ಎಚ್ಚರ ಅಗತ್ಯ.

ಸುರಕ್ಷತೆ

ನಾಯಿಯು ಗುರುಗುಟ್ಟಿದರೆ ಕೆಲಸ ನಿಲ್ಲಿಸಬೇಕು. ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು ಹಾಗೂ ಹರಿಯುವ ನೀರಿನಿಂದ ತೊಳೆದು, ರೇಬೀಸ್ ಲಸಿಕೆಗಾಗಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಾಯಿಯಲ್ಲಿ ಜ್ವರ, ಆಹಾರ ಬಿಡುವುದು, ಬಿಳಚಿದ ಒಸಡು ಅಥವಾ ಮೂಗಿನಿಂದ ರಕ್ತಸ್ರಾವ ಕಂಡುಬಂದಲ್ಲಿ ಪಶುವೈದ್ಯರಿಗೆ ತೋರಿಸುವುದು ಅನಿವಾರ್ಯ.