ಕೀಬೋರ್ಡ್: ಎಡಗೈ ಕಲಿಯಬೇಕಾದ ಪಾಠ

ಗಣೇಶೋತ್ಸವದ ಪೆಂಡಾಲಿನಲ್ಲಿ ವಾದ್ಯಗೋಷ್ಠಿ ಶುರುವಾಗಿದೆ. ವೇದಿಕೆಯ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲಿರುವ ಕಪ್ಪು ಪೆಟ್ಟಿಗೆಯಿಂದ ಮೊದಲು ಕೊಳಲು ಕೇಳಿಸುತ್ತದೆ. ಮರುಕ್ಷಣ ಪಿಟೀಲುಗಳ ಮೇಳ, ಅದರ ಬೆನ್ನಿಗೇ ತಬಲ. ಪೆಟ್ಟಿಗೆ ಯಾವ ಕಂಪನಿಯದಾದರೂ ಸರಿ, ಅನೇಕ ಊರುಗಳಲ್ಲಿ ಅದರ ಹೆಸರು ‘ಕ್ಯಾಸಿಯೋ’. ಹತ್ತು ಜನರ ಕೆಲಸವನ್ನು ಒಬ್ಬನೇ ಮಾಡುತ್ತಾನಲ್ಲ ಎಂಬ ಬೆರಗು ಇಳಿಯುವಷ್ಟರಲ್ಲಿ ಗಾಯಕಿ ಪಲ್ಲವಿ ಎತ್ತಿಕೊಳ್ಳುತ್ತಾರೆ. ಅವರ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುತ್ತದೆ. ಪೆಟ್ಟಿಗೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುತ್ತದೆ. ಹಾಡು ಒಂದು ಕಡೆ, ವಾದ್ಯ ಒಂದು ಕಡೆ ಆದಂತೆ ತೋರುತ್ತದೆ.

ಈ ಕೊರತೆಯ ಬಗೆಗಿನ ಜಗಳ ಇಂದಿನದಲ್ಲ. ಹಾಡುವುದಕ್ಕಾಗಲೀ ಧ್ವನಿಮುದ್ರಿಸುವುದಕ್ಕಾಗಲೀ ಮೊದಲ ಕೀಬೋರ್ಡ್ ಕೊಳ್ಳಹೊರಟವರು ಅದನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ಏನು ಕೇಳಬೇಕೆಂಬುದೂ ತಿಳಿಯುತ್ತದೆ.

ಆಕಾಶವಾಣಿಯ ನಿಷೇಧ

ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆನ್ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದೇ ಶತಮಾನದಲ್ಲಿ ಭಾರತಕ್ಕೆ ಬಂದ ಈ ವಾದ್ಯ ಇಲ್ಲಿ ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯಾಗಿ ರೂಪ ಬದಲಿಸಿತು. ನಮ್ಮ ನಾಟಕ ಕಂಪನಿಗಳು, ಭಜನಾ ಮಂಡಳಿಗಳು ಅದನ್ನು ಬಹುಬೇಗ ತಮ್ಮದಾಗಿಸಿಕೊಂಡವು. ಆದರೆ 1940ರಲ್ಲಿ ಅಖಿಲ ಭಾರತ ರೇಡಿಯೋ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ರವೀಂದ್ರನಾಥ ಠಾಕೂರರೂ ಈ ವಾದ್ಯದ ವಿರೋಧಿಯಾಗಿದ್ದರು. ನಿಷೇಧ ಭಾಗಶಃ ಸಡಿಲವಾದದ್ದು 1971ರಲ್ಲಿ. ಆ ನಡುವೆಯೂ ಕಛೇರಿಗಳಲ್ಲಿ ಹಾರ್ಮೋನಿಯಂ ಉಳಿಯಿತು. ಬೆಳಗಾವಿಯ ರಾಮಭಾವು ಬಿಜಾಪುರೆ ಅವರಂಥ ವಾದಕರು ಅದರ ಗೌರವ ಕಾಪಾಡಿದರು.

ಆಕ್ಷೇಪ ಎರಡು ಬಗೆಯದು. ಮೊದಲನೆಯದು, ಎರಡು ಕೀಗಳ ನಡುವೆ ಜಾಗವೇ ಇಲ್ಲ. ಆದ್ದರಿಂದ ಗಮಕ, ಮೀಂಡ್ ಸಾಧ್ಯವಿಲ್ಲ. ಎರಡನೆಯದು, ಕೀಗಳ ಶ್ರುತಿಯೇ ನಮ್ಮ ಕಿವಿಗೆ ಹೊಂದುವುದಿಲ್ಲ. ಒಂದು ಸ್ಥಾಯಿಯನ್ನು 1,200 ಸೂಕ್ಷ್ಮ ಭಾಗಗಳಾಗಿ ಹಂಚಿದರೆ ಪಾಶ್ಚಾತ್ಯ ಪದ್ಧತಿಯ ಕೀಬೋರ್ಡಿನಲ್ಲಿ ಹನ್ನೆರಡು ಹೆಜ್ಜೆಗಳಿಗೂ ತಲಾ 100 ಭಾಗ. ಷಡ್ಜದಿಂದ ಅಂತರ ಗಾಂಧಾರಕ್ಕೆ ನಾಲ್ಕು ಹೆಜ್ಜೆ, ಅಂದರೆ 400. ಆದರೆ ತಂಬೂರಿಯ ಷಡ್ಜದ ತಂತಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386ರಲ್ಲಿದೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಭಾಗ, ಯಾರಿಗೂ ತಿಳಿಯದು; ಗಾಂಧಾರದಲ್ಲಿ ಹದಿನಾಲ್ಕು, ಪಳಗಿದ ಕಿವಿ ಹಿಡಿದುಬಿಡುತ್ತದೆ.

ಮದ್ದು ಬಂತು, ಕೈ ಸಿಗಲಿಲ್ಲ

ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಸಿಂಥಸೈಜರ್ ಈ ಮೊದಲ ಆಕ್ಷೇಪಕ್ಕೆ ಮದ್ದು ತಂದಿತು. ಅಮೆರಿಕದ ರಾಬರ್ಟ್ ಮೂಗ್ ತನ್ನ ಸಿಂಥಸೈಜರಿನ ಭಾಗಗಳನ್ನು ಮೊದಲು ಪ್ರದರ್ಶಿಸಿದ್ದು 1964ರಲ್ಲಿ. 1970ರ ಮಿನಿಮೂಗ್‌ನಲ್ಲಿ ಕೀಗಳ ಎಡಬದಿಗೆ ಚಕ್ರವೊಂದು ಬಂತು. ಅದನ್ನು ಮುಂದಕ್ಕೆ ತಳ್ಳಿದರೆ ಒತ್ತಿದ ಸ್ವರ ಮೇಲಕ್ಕೆ, ಹಿಂದಕ್ಕೆಳೆದರೆ ಕೆಳಕ್ಕೆ ಜಾರುತ್ತದೆ. ‘ಪಿಚ್ ಬೆಂಡ್’ ಎಂಬ ಈ ಸೌಲಭ್ಯವೇ ಎರಡು ಕೀಗಳ ನಡುವಿನ ಕಾಲುದಾರಿ.

1980ರಲ್ಲಿ ಕ್ಯಾಲ್ಕುಲೇಟರ್ ತಯಾರಕ ಕ್ಯಾಸಿಯೋ ತನ್ನ ಮೊದಲ ಕೀಬೋರ್ಡ್ ತಂದಿತು. 1983ರಲ್ಲಿ ಯಮಾಹಾದ ಡಿಎಕ್ಸ್-7 ಬಂತು. ಮುಂದೆ ಮನೆಮನೆಗೂ ಹೊಕ್ಕ ಮಾದರಿಗಳಲ್ಲಿ ಇನ್ನೊಂದು ಆಕರ್ಷಣೆ ಸೇರಿತು. ಎಡಗೈಯಲ್ಲಿ ಮೂರು ಸ್ವರ ಒತ್ತಿದರೆ ಸಾಕು, ತಾಳ ಮತ್ತು ಪಕ್ಕವಾದ್ಯ ತಾವಾಗಿಯೇ ನುಡಿಯುತ್ತವೆ. ಹೀಗೆ ಚಕ್ರ ತಿರುಗಿಸಬೇಕಾದ ಕೈ ತಾಳದ ಸೇವೆಗೆ ಹೋಯಿತು. ಅಗ್ಗದ ಅನೇಕ ಮಾದರಿಗಳಲ್ಲಂತೂ ಚಕ್ರವೇ ಇಲ್ಲ.

ಕೊಳ್ಳುವಾಗ, ಕಲಿಯುವಾಗ

ಹೊಸಬರು ನೂರಾರು ಧ್ವನಿಗಳ ಪಟ್ಟಿಗೆ ಮರುಳಾಗುವ ಬದಲು ನಾಲ್ಕು ಸಂಗತಿ ನೋಡಿಕೊಳ್ಳಬೇಕು. ಐದು ಸ್ಥಾಯಿಯ 61 ಕೀಗಳಿರಲಿ. ಬೆರಳಿನ ಒತ್ತಡಕ್ಕೆ ತಕ್ಕಂತೆ ಸದ್ದು ಏರಿಳಿಯಲಿ. ಪಿಚ್ ಬೆಂಡ್ ಚಕ್ರವಿರಲಿ. ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿ ಕಿಂಡಿಯಿರಲಿ. ಒಂದೊಂದೇ ಸ್ವರದ ಶ್ರುತಿಯನ್ನು ಸೂಕ್ಷ್ಮವಾಗಿ ತಿದ್ದುವ ಅನುಕೂಲವೂ ಇದ್ದರೆ ಗಾಂಧಾರದ ತಕರಾರೂ ತೀರುತ್ತದೆ.

ಪಾಠಕ್ಕೆ ಪುರಂದರದಾಸರ ಹೆಸರಿನಲ್ಲಿ ಬಂದಿರುವ ಪದ್ಧತಿಯೇ ಸಾಕು. ‘ಬಿಳಿ ಒಂದ’ನ್ನು ಷಡ್ಜ ಮಾಡಿಕೊಂಡರೆ ಮಾಯಾಮಾಳವಗೌಳದಲ್ಲಿ ರಿಷಭ, ಧೈವತ ಮಾತ್ರ ಕಪ್ಪು ಕೀ, ಉಳಿದೆಲ್ಲ ಬಿಳಿ. ತಾಳದ ಗುಂಡಿ ಮುಟ್ಟದೆ, ತಂಬೂರಿಯ ಶ್ರುತಿಯೊಂದನ್ನೇ ಇಟ್ಟುಕೊಂಡು ಸರಳೆ ವರಸೆ ನುಡಿಸಬೇಕು. ಬಳಿಕ ಚಕ್ರದ ಸರದಿ. ಸಾಮಾನ್ಯವಾಗಿ ಚಕ್ರದ ವ್ಯಾಪ್ತಿ ಎರಡು ಹೆಜ್ಜೆ. ಷಡ್ಜ ಒತ್ತಿ ಚಕ್ರವನ್ನು ಪೂರ್ತಿ ತಳ್ಳಿದರೆ ಚತುಶ್ರುತಿ ರಿಷಭ ಬರುತ್ತದೆ. ಅದೇ ಕೀ ಒತ್ತಿ ಸರಿಯಾಯಿತೇ ಎಂದು ಪರೀಕ್ಷಿಸಿಕೊಳ್ಳಬಹುದು. ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತದ ಪೂರ್ಣ ಕಛೇರಿಗಳನ್ನು ನುಡಿಸಿರುವುದರಿಂದ, ಇದು ಆಗದ ಮಾತೇನೂ ಅಲ್ಲ.

ವೇದಿಕೆಯಲ್ಲಿ ಹಾಡುವವರ ಶ್ರುತಿ ಬೇರೆಯಾದರೆ ‘ಟ್ರಾನ್ಸ್‌ಪೋಸ್’ ಗುಂಡಿ ಒತ್ತಿ, ಬೆರಳು ಬದಲಿಸದೆ ಶ್ರುತಿ ಬದಲಿಸಬಹುದು. ಮುಂದಿನ ಹಾಡಿಗೆ ಅದನ್ನು ಮರಳಿಸಲು ಮರೆತರೆ ಮಾತ್ರ ಮಾನ ಹೋಗುತ್ತದೆ.

ಧ್ವನಿಮುದ್ರಣದ ಗುಟ್ಟು

1983ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಮೇಳವೊಂದರಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರುಗಳನ್ನು ತಂತಿಯಿಂದ ಜೋಡಿಸಿ ತೋರಿಸಲಾಯಿತು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ‘ಮಿಡಿ’ ಎಂಬ ಈ ಸಮಾನ ಭಾಷೆಯೇ ಇಂದಿಗೂ ಮನೆಯ ಸ್ಟುಡಿಯೋಗಳ ಆಧಾರ. ಮಿಡಿಯಲ್ಲಿ ದಾಖಲಾಗುವುದು ಸದ್ದಲ್ಲ. ಯಾವ ಕೀಯನ್ನು ಎಷ್ಟು ಬಲವಾಗಿ, ಎಷ್ಟು ಹೊತ್ತು ಒತ್ತಲಾಯಿತು, ಚಕ್ರ ಎಷ್ಟು ತಿರುಗಿತು ಎಂಬ ಲೆಕ್ಕ ಮಾತ್ರ. ಮೂರು ನಿಮಿಷದ ಹಾಡು ಸಿ.ಡಿ. ಗುಣಮಟ್ಟದ ಸದ್ದಾಗಿ ಸುಮಾರು 32 ಮೆಗಾಬೈಟ್ ಜಾಗ ಬೇಡುತ್ತದೆ; ಮಿಡಿಯ ಲೆಕ್ಕಕ್ಕೆ ಅದರ ಅತಿ ಸಣ್ಣ ಪಾಲು ಸಾಕು. ಇದರಿಂದ ತಪ್ಪಿದ ಸ್ವರವೊಂದನ್ನೇ ತಿದ್ದಬಹುದು, ಕೊಳಲನ್ನು ಪಿಟೀಲಾಗಿಸಬಹುದು, ಗಾಯಕರಿಗೆ ಎಟುಕದಿದ್ದರೆ ಶ್ರುತಿಯನ್ನೇ ಇಳಿಸಬಹುದು. ಆದರೆ ಹಾಡುವ ದನಿಗೆ ಮಿಡಿ ಸಾಲದು. ಅದಕ್ಕೆ ಮೈಕ್ ಮತ್ತು ಮೈಕಿನ ಸದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಆಡಿಯೋ ಇಂಟರ್‌ಫೇಸ್ ಬೇಕು.

ಕ್ರಮವಾದರೂ ಸರಳವೇ. ಮೊದಲು ಶ್ರುತಿ, ಲಯದ ವೇಗ ಗೊತ್ತುಮಾಡಿಕೊಂಡು ಹಾಡನ್ನು ಒಮ್ಮೆ ಕಚ್ಚಾ ಹಾಡಿಡಬೇಕು. ಅದರ ಮೇಲೆ ತಾಳ, ಬಳಿಕ ಸ್ವರಮೇಳ, ಆಮೇಲೆ ಒಂಟಿ ವಾದ್ಯದ ಎಳೆಗಳು. ಕೊನೆಗೆ ಹೆಡ್‌ಫೋನ್ ಹಾಕಿಕೊಂಡು ನಿಜವಾದ ಗಾಯನ. ಎಳೆಗಳನ್ನು ಬೇರೆ ಬೇರೆಯಾಗಿ ನುಡಿಸುವುದರ ದೊಡ್ಡ ಲಾಭವೂ ಇಲ್ಲೇ ಇದೆ. ಸಾಮಾನ್ಯ ಚಕ್ರ ಒಂದು ಧ್ವನಿಯಲ್ಲಿ ಒತ್ತಿದ ಸ್ವರಗಳನ್ನೆಲ್ಲ ಒಟ್ಟಿಗೆ ಎಳೆಯುವುದರಿಂದ ಸ್ವರಮೇಳದ ಜೊತೆ ಗಮಕ ಕೂಡಿಬರದು. ಎಳೆ ಪ್ರತ್ಯೇಕವಾದಾಗ ತಾಳ, ಸ್ವರಮೇಳಗಳ ಹೊರೆ ಇಳಿದು ಎಡಗೈ ಬಿಡುವಾಗುತ್ತದೆ. ಗಾಯಕಿ ಜಾರಿದಲ್ಲಿ ಕೊಳಲಿನ ದನಿಯೂ ಜಾರುವಂತೆ ಚಕ್ರ ತಿರುಗಿಸಲು ಆಗ ಅಡ್ಡಿಯಿಲ್ಲ.